ಬನ್ನಿ, ಪೆನ್ ಸ್ಟ್ಯಾಂಡ್ ಮಾಡಿ ಭೂಮಿ ಉಳಿಸೋಣ

ಮತ್ತೊಂದು ತಿಮಿಂಗಿಲ ಹುಟ್ಟಿದೆ, ಪ್ಲಾಸ್ಟಿಕ್ ಕಸದಲ್ಲಿ ಮಾಡಿದ ಪ್ರತಿಮೆ. ಫೋಟೋ ನೋಡೇ ಇರ್ತೀರಿ. ಖಾಲಿ ಬಾಟಲಿಗಳ ಮೈ, ಮುಚ್ಚಳದ ಕಣ್ಣು, ಬಾಯಿಂದ ನೇತಾಡುವ ಹರಿದ ಬಲೆ. ಪಕ್ಕದಲ್ಲಿ ರಿಬ್ಬನ್ ಕತ್ತರಿಸುವ ಗಣ್ಯರು. ಹಿಂದೆ ‘ಪ್ಲಾಸ್ಟಿಕ್ ತ್ಯಜಿಸಿ’ ಅನ್ನೋ ಫ್ಲೆಕ್ಸ್, ಅದೂ ಪ್ಲಾಸ್ಟಿಕ್ಕೇ. ವೇದಿಕೆ ಮೇಲೆ ಪ್ರತಿಯೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ. ಮುಂದಿನ ತಿಮಿಂಗಿಲಕ್ಕೆ ಈಗಲೇ ಅಡ್ವಾನ್ಸ್ ಕೊಟ್ಟಂತಿದೆ. ಎಂಥ ದೂರದೃಷ್ಟಿ!

ಈ ಕಲೆ ಮನೆಮನೆಗೂ ಇಳಿದಿದೆ. ಮಕ್ಕಳಿಗೆ ‘ಕಸದಿಂದ ರಸ’ ಪ್ರಾಜೆಕ್ಟ್. ಬೆಳಗ್ಗೆ ಕೊಡಬೇಕು ಅಂತ ಹಿಂದಿನ ರಾತ್ರಿ ಗೊತ್ತಾಗುತ್ತದೆ. ಮನೆಯಲ್ಲಿ ಬೇಕಾದಷ್ಟು ಕಸ ಇರುವುದಿಲ್ಲ. ಅಪ್ಪ ಅಂಗಡಿಗೆ ಓಡಿ ಹೊಸ ಸ್ಟ್ರಾ, ಹೊಸ ಪ್ಲಾಸ್ಟಿಕ್ ಚಮಚ, ಗ್ಲಿಟರ್ ತರುತ್ತಾನೆ. ಗ್ಲಿಟರ್ ಅಂದರೂ ಪ್ಲಾಸ್ಟಿಕ್ ಪುಡಿಯೇ. ಬಾಟಲಿ ಬೇಕಲ್ಲ, ದೊಡ್ಡ ಜ್ಯೂಸ್ ಬಾಟಲಿ ತಂದು ಎಲ್ಲರೂ ಸೇರಿ ಕುಡಿದು ಖಾಲಿ ಮಾಡುತ್ತಾರೆ. ಅಮ್ಮ ನಡುರಾತ್ರಿವರೆಗೆ ಅಂಟಿಸುತ್ತಾಳೆ. ಮಗು ಹಾಯಾಗಿ ಮಲಗಿರುತ್ತದೆ. ಪೆನ್ ಸ್ಟ್ಯಾಂಡ್‌ಗೆ ಎ ಪ್ಲಸ್. ಪೆನ್ನುಗಳಿಗಿಂತ ಪೆನ್ ಸ್ಟ್ಯಾಂಡ್‌ಗಳೇ ಜಾಸ್ತಿ ಆಗುವ ದಿನ ದೂರವಿಲ್ಲ.

ಇದರಲ್ಲೊಂದು ತಮಾಷೆ ಇದೆ. ನೀರಿನ ಬಾಟಲಿ ‘ಪೆಟ್’ (PET) ಅನ್ನೋ ಜಾತಿಯ ಪ್ಲಾಸ್ಟಿಕ್. ಕಸ ಆಯುವವರು ಹುಡುಕಿ ಹುಡುಕಿ ಎತ್ತುವುದೇ ಅದನ್ನು. ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ, ಕರಗಿಸಿ ನೂಲು ತೆಗೆಯುತ್ತಾರೆ. ನಾವು ಸ್ಪ್ರೇ ಪೇಂಟ್ ಹೊಡೆದು, ಅಂಟು ಸುರಿದು, ತಂತಿ ಚುಚ್ಚಿದ ಮೇಲೆ ಯಾವ ಗುಜರಿಯವನೂ ಮುಟ್ಟಲ್ಲ. ಮಾರಿಹೋಗುತ್ತಿದ್ದ ಮಾಲನ್ನು ಶಾಶ್ವತ ಕಸ ಮಾಡುವುದೂ ಕಲೆಯೇ, ಅಲ್ವಾ? ಇನ್ನು ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಷೆ. ಪದರದ ಮೇಲೆ ಪದರ ಅಂಟಿಕೊಂಡು ಬಿಡಿಸಲಾಗದ, ಯಾರಿಗೂ ಬೇಡದ ಸರಕು. ಅದು ತಿಮಿಂಗಿಲದ ಮೈಗೆ ಒಪ್ಪಲ್ಲವಂತೆ. ಫೋಟೋ ಚೆನ್ನಾಗಿ ಬರಲ್ಲ.

ಇಂಥ ಕಲಾಕೃತಿಗಳಲ್ಲಿ ಒಂದೇ ಒಂದಕ್ಕೆ ನಾನು ಸೋತಿದ್ದೇನೆ. 2022ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ನಡೆದಾಗ ಬೆಂಜಮಿನ್ ವಾನ್ ವಾಂಗ್ ಎಂಬ ಕಲಾವಿದ ಅಲ್ಲೊಂದು ದೈತ್ಯ ನಲ್ಲಿ ನಿಲ್ಲಿಸಿದ. ಅದರಿಂದ ಪ್ಲಾಸ್ಟಿಕ್ ಕಸ ಧಾರೆಯಾಗಿ ಸುರಿಯುತ್ತಿತ್ತು. ನೆಲ ಒರೆಸುವುದು ಆಮೇಲೆ, ಮೊದಲು ನಲ್ಲಿ ತಿರುಗಿಸಿ ಅಂತ. ಪ್ಲಾಸ್ಟಿಕ್ ಮಾಲಿನ್ಯ ತಡೆಯಲು 2024ರ ಕೊನೆಯೊಳಗೆ ದೇಶದೇಶಗಳ ಒಪ್ಪಂದ ಮಾಡೋಣ ಅಂತ ಸಭೆ ತೀರ್ಮಾನಿಸಿತು. 2024ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಕೂತರು, ಆಗಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಕೂತರು, ಆಗಲೂ ಇಲ್ಲ. ತಯಾರಿಕೆಗೆ ಮಿತಿ ಹಾಕೋಣ ಅಂದ ಕೂಡಲೇ, ಪ್ಲಾಸ್ಟಿಕ್‌ಗೆ ಮೂಲವಾದ ತೈಲ ಮಾರುವ ದೇಶಗಳು ಅಡ್ಡ ನಿಂತವು.

ಸಾಕಾಗಿದೆ ಕಣ್ರೀ. ವರ್ಷಕ್ಕೆ 40 ಕೋಟಿ ಟನ್‌ಗೂ ಜಾಸ್ತಿ ಪ್ಲಾಸ್ಟಿಕ್ ತಯಾರಾಗುತ್ತಿದೆ. ಎಷ್ಟು ಪೆನ್ ಸ್ಟ್ಯಾಂಡ್ ಮಾಡೋಣ? 2015ರವರೆಗೆ ಬಿದ್ದ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆ ಆಗಿದ್ದು ಸುಮಾರು ಶೇ. 9 ಮಾತ್ರ. ಮಾಡುವವರು ಮಾಡುತ್ತಲೇ ಇರುತ್ತಾರೆ, ಕತ್ತರಿ ಅಂಟು ಹಿಡಿದು ಕೂರಬೇಕಾದವರು ನಾವು. ಬಾಟಲಿ ತುಂಬಿ ಮಾರುವವರಿಗೆ ಪ್ರಾಯೋಜಕರ ಕುರ್ಚಿ. 2022ರಲ್ಲೇ ಈಜಿಪ್ಟಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಕೋಕಾ-ಕೋಲಾ ಪ್ರಾಯೋಜಕ ಕಂಪನಿ. ಇದು ಮಾತ್ರ ನಾನು ತಮಾಷೆಗೆ ಸೇರಿಸಿದ್ದಲ್ಲ.