ತೊಲಿಗೆಷ್ಟು ತೊಗರಿ?

ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಚೀಲ ಇಳಿಸಿದ ರೈತನ ಗತ್ತು ನೋಡಬೇಕು. ಕಾಟಾ ಸೊನ್ನೆಗೆ ನಿಂತಿದೆಯೇ ಎಂದು ಬಗ್ಗಿ ನೋಡುತ್ತಾನೆ. ಖಾಲಿ ಚೀಲದ ತೂಕ ಎಷ್ಟು ಹಿಡಿದಿರಿ ಎಂದು ಕೇಳುತ್ತಾನೆ. ತೇವ 12ರ ಮೇಲಿದೆ ಎಂದವರ ಎದುರಿಗೇ ಎರಡು ಕಾಳು ಹಲ್ಲಿಗೆ ಹಾಕಿ ಕಟ್ ಅನ್ನಿಸಿ, 'ಇದರಾಗ ತೇವ ಎಲ್ಲೈತ್ರೀ?' ಎಂದು ಜಗಳ ತೆಗೆಯುತ್ತಾನೆ. ಅದೇ ಮನುಷ್ಯ, ತೊಗರಿ ಮಾರಿದ ಅದೇ ದುಡ್ಡು ಒಳಜೇಬಿನಲ್ಲಿಟ್ಟುಕೊಂಡು ಬಂಗಾರ ಕೊಳ್ಳಲು ಸರಾಫ್ ಬಜಾರಿನಲ್ಲಿ ಕೂತನೆಂದರೆ ಬಾಯಿಗೆ ಬೀಗ. ಚಹಾ ಬರುತ್ತದೆ, ಕುಡಿಯುತ್ತಾನೆ. ಬಿಲ್ಲಿನ ಕಟ್ಟಕಡೆಯ ಸಾಲಷ್ಟೇ ಓದಿ, 'ಒಂದ್ನೂರು ಬಿಡ್ರಿ ಸಾವಕಾರ್ರ' ಅನ್ನುತ್ತಾನೆ. ಸಾವಕಾರರು ಬಿಡುತ್ತಾರೆ. ಬಿಡದೆ ಏನು?

ಆ ನೂರರ ಹಿಂದಿನ ಲೆಕ್ಕ ಹೀಗಿದೆ. ಕೂಡಿಸಲು ಸುಲಭವಾಗಲೆಂದು 24 ಕ್ಯಾರೆಟ್ ಬಂಗಾರ ಗ್ರಾಮಿಗೆ 10,000 ರೂಪಾಯಿ ಎಂದು ಹಿಡಿಯೋಣ. ಇವತ್ತಿನ ಭಾವ ಬೋರ್ಡಿನ ಮೇಲೆ ನೋಡಿಕೊಳ್ಳಿ, ಸಂಜೆಗೆ ಅದೂ ಬದಲಾಗಿರುತ್ತದೆ. 22 ಕ್ಯಾರೆಟ್ ಎಂದರೆ ಸಾವಿರ ಪಾಲಿನಲ್ಲಿ 916 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. ಹಾಗಾಗಿ ಗ್ರಾಮಿಗೆ 9,160. 10 ಗ್ರಾಮಿನ ಸಾದಾ ಸರಕ್ಕೆ 91,600. ಅದರ ಮೇಲೆ ಮಜೂರಿ, ವೇಸ್ಟೇಜ್ (ಮಾಡುವಾಗ ಸವೆಯಿತು ಎನ್ನುವ ಬಂಗಾರ) ಸೇರಿ ಶೇ 12, ಅಂದರೆ 10,992. ಎರಡೂ ಕೂಡಿಸಿದ ಮೇಲೆ ಶೇ 3 ಜಿಎಸ್‌ಟಿ, 3,077 ರೂಪಾಯಿ 76 ಪೈಸೆ. ಹಾಲ್‌ಮಾರ್ಕ್ ಶುಲ್ಕ ಒಂದು ನಗಕ್ಕೆ, ಅಂದರೆ ಒಡವೆಗೆ, 45 ರೂಪಾಯಿ, ತೆರಿಗೆ ಸೇರಿ 53 ರೂಪಾಯಿ 10 ಪೈಸೆ. ಒಟ್ಟು 1,05,722 ರೂಪಾಯಿ 86 ಪೈಸೆ.

ಮರುದಿನ ಮಗಳು 'ಡಿಸೈನ್ ಚೊಲೋ ಇಲ್ಲ' ಅಂದಳೆಂದು ಅದನ್ನೇ ಮಾರಲು ಒಯ್ಯಿರಿ. ಮಜೂರಿ ವಾಪಸ್ ಇಲ್ಲ. ವೇಸ್ಟೇಜ್ ವಾಪಸ್ ಇಲ್ಲ. ತೆರಿಗೆಯಂತೂ ದಿಲ್ಲಿ, ಬೆಂಗಳೂರು ಎರಡೂ ಕಡೆ ಹಂಚಿ ಹೋಯಿತು. ಉಳಿದ 91,600ರಲ್ಲಿ 'ಕರಗಿಸಿದರ ಸ್ವಲ್ಪ ಕಮ್ಮಿ ಆಗ್ತದ್ರೀ' ಎಂದು ಶೇ 3 ಮುರಿದರೆ ಕೈಗೆ 88,852. ಒಂದೇ ರಾತ್ರಿಯಲ್ಲಿ ಕಳೆದದ್ದು 16,870 ರೂಪಾಯಿ, ಮೇಲೆ ಚಿಲ್ಲರೆ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಾಲಿಗೆ 8,000. ಅಂದರೆ ಎರಡು ಕ್ವಿಂಟಾಲಿಗೂ ಮಿಕ್ಕಿದ ತೊಗರಿ ಅಂಗಡಿಯ ಹೊಸ್ತಿಲಲ್ಲೇ ಸುರಿದು ಬಂದಂತಾಯಿತು. ಎಪಿಎಂಸಿಯಲ್ಲಿ ಜಗಳ ಮಾಡಿದ್ದು ಅರ್ಧ ಕಿಲೋ ಚೀಲದ ತೂಕಕ್ಕೆ.

ಈ ವೇಸ್ಟೇಜ್ ಎಂಬ ಶಬ್ದವಂತೂ ಸಾಹಿತ್ಯ ಅಕಾಡೆಮಿಯವರು ನೋಡಬೇಕಾದ್ದು. ಪತ್ತಾರ ಕೈಯಿಂದ ತಂತಿ ಎಳೆದು, ಅರದಿಂದ ಉಜ್ಜಿ, ಬಿಳಿಗಾರ ಹಾಕಿ ಬೆಸೆಯುವಾಗ ಪುಡಿ ಉದುರುವುದು ನಿಜ. ಆದರೆ ಆ ಪುಡಿ ಎಲ್ಲಿಗೂ ಹೋಗುವುದಿಲ್ಲ. ಮಣೆಯ ಕೆಳಗಿನ ತಟ್ಟೆಗೆ ಬೀಳುತ್ತದೆ, ಕುಲುಮೆಯ ಬೂದಿಯಲ್ಲಿರುತ್ತದೆ. ಅದನ್ನೂ ಮೀರಿ ನೆಲಕ್ಕೆ ಬಿದ್ದ ಕಸವನ್ನು ಕೊಂಡು ತೊಳೆದು ಬಂಗಾರ ತೆಗೆಯುವ ಜಲಗಾರರು ತಲೆತಲಾಂತರದಿಂದ ಇದ್ದಾರೆ. ಈಗಿನ ಸರಗಳು ಯಂತ್ರದಲ್ಲಿ ಮೀಟರುಗಟ್ಟಲೆ ಇಳಿಯುತ್ತವೆ. ಕತ್ತರಿಸಿದ ತುಂಡು ಮತ್ತೆ ಮೂಸೆಗೆ ಹೋಗುತ್ತದೆ. ಆದರೂ ಪಾಲು ಕಡಿಮೆಯಾಗಿಲ್ಲ. ಆ ಶೇ 12 ಪೂರ್ತಿ ವೇಸ್ಟೇಜ್ ಎಂದೇ ಬರೆದರೆ 10 ಗ್ರಾಮಿಗೆ 1.2 ಗ್ರಾಂ. ಬಂಗಾರ ಇಷ್ಟು ಕಾಣೆಯಾಗಿದೆ ಎಂದು ಯಾರಾದರೂ ಠಾಣೆಗೆ ದೂರು ಕೊಡಬೇಕು. ಅಕ್ಷಯ ತೃತೀಯದ ದಿನ 'ಮಜೂರಿ ಪೂರ್ತಿ ಮಾಫಿ' ಎಂಬ ಬ್ಯಾನರ್ ಕಂಡರೆ ಒಳಗೆ ಹೋಗಿ ವೇಸ್ಟೇಜ್ ಎಷ್ಟೆಂದು ಕೇಳಿ. ಮಜೂರಿ ಅಲ್ಲಿ ಹೆಸರು ಬದಲಿಸಿಕೊಂಡು ಕೂತಿರುತ್ತದೆ.

ಇನ್ನು ತೂಕ. ಬೋರಮಾಳದ ಗುಂಡಿನ ಒಳಗೆ ಅರಗು, ಪೋಣಿಸಲು ದಾರ. ಕರಿಮಣಿಯಲ್ಲಿ ಮಣಿ, ಝುಮಕಿಯಲ್ಲಿ ಕೆಂಪು ಹಳ್ಳು, ಅಂದರೆ ಹರಳು. ಕಾಟಾದ ಕೆಂಪು ಅಂಕಿ 24.600 ಎಂದು ತೋರಿಸಿದರೆ ಅದು ಇವೆಲ್ಲದರ ಒಟ್ಟು ತೂಕ. ಬಿಲ್ಲಿನಲ್ಲಿ ಒಟ್ಟು ತೂಕ, ಹಳ್ಳು-ಮಣಿಯ ತೂಕ, ನಿವ್ವಳ ತೂಕ ಎಂದು ಮೂರು ಕಾಲಂ ಇರಬೇಕು; ಬಂಗಾರದ ಭಾವ ಕೊನೆಯದಕ್ಕೆ ಮಾತ್ರ. ಕೇಳದಿದ್ದರೆ ಅರಗಿಗೂ 22 ಕ್ಯಾರೆಟ್ಟಿನ ಯೋಗ. ಹಟ್ಟಿಯಲ್ಲಿ ಟನ್ನುಗಟ್ಟಲೆ ಕಲ್ಲು ಅರೆದು ಬಂಗಾರ ತೆಗೆಯಲು ಸರಕಾರ ಒಂದು ಕಂಪನಿಯನ್ನೇ ನಡೆಸುತ್ತಿದೆ. ಇಲ್ಲಿ ಯಾವ ಗಣಿಯೂ ಇಲ್ಲದೆ ಕಲ್ಲೇ ಬಂಗಾರವಾಗುತ್ತದೆ. ಮಾರಲು ಒಯ್ದ ದಿನ ಮಾತ್ರ ಅರಗು ಅರಗೇ, ಹಳ್ಳು ಹಳ್ಳೇ.

ಶುದ್ಧತೆ ನೋಡುವ ಯಂತ್ರದ ಮೇಲೂ ಅತಿ ಭಕ್ತಿ ಬೇಡ. ಎಕ್ಸ್‌ಆರ್‌ಎಫ್ ಎಂಬ ಈ ಕ್ಷ-ಕಿರಣದ ಯಂತ್ರ ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ. ದಪ್ಪ ಮುಲಾಮು, ಅಂದರೆ ಬಂಗಾರದ ಲೇಪ, ಅದನ್ನು ಯಾಮಾರಿಸುತ್ತದೆ. ಹಳೆಯ ನಗದಲ್ಲಿ ಬೆಸುಗೆ ಹೆಚ್ಚಿದ್ದರೆ ಕರಗಿಸಿದಾಗ 91.6 ಇದ್ದದ್ದು ಕೆಳಗಿಳಿಯುತ್ತದೆ. 'ಕೆಡಿಎಂ ಐತೇನ್ರೀ?' ಎಂದು ಹೆಮ್ಮೆಯಿಂದ ಕೇಳುವವರು ಇನ್ನೂ ಇದ್ದಾರೆ. ಅದು ಬಂಗಾರದ ಜಾತಿಯಲ್ಲ, ಕ್ಯಾಡ್ಮಿಯಂ ಬೆರೆಸಿದ ಬೆಸುಗೆ, ಅದರ ಹೊಗೆ ಪತ್ತಾರನ ಪುಪ್ಪುಸಕ್ಕೆ ವಿಷ. ಈಗ ನೋಡಬೇಕಾದದ್ದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ, 22ಕೆ916 ಎಂಬ ಅಂಕಿ ಮತ್ತು ಆ ನಗದ ಗುರುತಾದ ಆರು ಅಕ್ಷರ-ಅಂಕಿಯ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಎಂದರೆ ಇದೇ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರನ್ನು ಒತ್ತಿದರೆ ನಗದ ಬಗೆ, ಶುದ್ಧತೆ ಎರಡೂ ಬರುತ್ತವೆ. ಕೈಯಲ್ಲಿ ಸರವಿದ್ದು ಆ್ಯಪ್ 'ಉಂಗುರ' ಅಂದರೆ ಚಹಾ ಕೆಳಗಿಡಿ. ಅಕ್ಷರ ಕಾಣದಿದ್ದರೆ ಭೂತಗನ್ನಡಿ ಕೇಳಿ, ಅಂಗಡಿಯಲ್ಲಿ ಅದು ಇರಲೇಬೇಕು. ಹಾಲ್‌ಮಾರ್ಕ್ ನಗದಲ್ಲಿ ಶುದ್ಧತೆ ಕಡಿಮೆ ಬಂದರೆ ಕೊರತೆಯ ಎರಡು ಪಟ್ಟು ಹಣ, ಪರೀಕ್ಷೆಯ ಖರ್ಚು ಕೊಡಬೇಕೆಂದು 2018ರ ನಿಯಮವೇ ಇದೆ.

ಇಷ್ಟೆಲ್ಲ ತಿಳಿದೂ ತೊಲಿಯ ಮುಂದೆ ಎಲ್ಲರೂ ಸೋಲುತ್ತಾರೆ. ಅಜ್ಜಿಯ ತೊಲಿ 12 ಮಾಸಿ, 96 ಗುಂಜಿ, ಅಂದರೆ 11.664 ಗ್ರಾಂ. ಈಗಿನ ತೊಲಿ 10 ಗ್ರಾಂ. ಯಾವ ದಿನ ಯಾವ ತೊಲಿ ಎಂಬುದು ಮಾತಾಡುವವರು ಕೊಡುವವರೋ ತಗೊಳ್ಳುವವರೋ ಎಂಬುದರ ಮೇಲೆ. 5 ತೊಲಿಗೆ ವ್ಯತ್ಯಾಸ 8.32 ಗ್ರಾಂ, ಮೇಲಿನ ಭಾವದಲ್ಲಿ 76 ಸಾವಿರ ರೂಪಾಯಿ. ಮದುವೆಯ ಯಾದಿಯಲ್ಲಿ ಬರೆಯುವುದು 'ಬಂಗಾರ 5 ತೊಲಿ' ಎಂದು ಮಾತ್ರ. ಕ್ಯಾರೆಟ್ ಇಲ್ಲ, ನಿವ್ವಳ ಇಲ್ಲ.

ಕಾನೂನಿಗೂ ಇದು ತೊಂದರೆಯೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ಕೊಟ್ಟವರಿಗೂ ತಗೊಂಡವರಿಗೂ ಜೈಲಿನ ಜೊತೆ ದಂಡ ಕನಿಷ್ಠ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅದು. ಮೌಲ್ಯವೇ ಗೊತ್ತಿಲ್ಲದೆ ನ್ಯಾಯಾಧೀಶರು ದಂಡ ಕೂಡಿಸುವುದು ಹೇಗೆ? 1985ರ ನಿಯಮಗಳು ಉಡುಗೊರೆಗಳ ಪಟ್ಟಿಯಲ್ಲಿ ಅಂದಾಜು ಬೆಲೆ ಬರೆದು ವಧು-ವರರು ಸಹಿ ಹಾಕಬೇಕು ಎನ್ನುತ್ತವೆ. ಅದನ್ನು ನಂಬಿ ಯಾದಿ ಬರೆಯುವ ಹೊತ್ತಿಗೆ ಹುಡುಗಿಯ ಕಾಕಾ ಒಬ್ಬ ಎದ್ದು, '22 ಕ್ಯಾರೆಟ್, ನಿವ್ವಳ ಎಷ್ಟು ಗ್ರಾಂ ಅಂತ ಬರೀರಿ, ತೊಲಿ ಯಾವುದು ಅಂತನೂ ಬರೀರಿ' ಅಂದ ಎನ್ನಿ. ಹಂದರದಲ್ಲಿ ಗಾಳಿ ನಿಲ್ಲುತ್ತದೆ. ಹುಡುಗನ ಕಡೆಯ ಹಿರಿಯರು ಎಲೆಅಡಿಕೆ ಒಂದು ಕಡೆಗೆ ಸರಿಸಿ ಕೇಳುತ್ತಾರೆ: 'ಏನ್ರಿ ಬೀಗರ, ಮದುವಿ ಮಾಡಕ ಬಂದೀರೋ, ಯಾಪಾರ ಮಾಡಕ ಬಂದೀರೋ?'

ಕಾಕಾ ಕೂತುಬಿಡುತ್ತಾನೆ. ಯಾದಿಯಲ್ಲಿ '5 ತೊಲಿ' ಹಾಗೇ ಉಳಿಯುತ್ತದೆ. ಬರೆಯುವವನು ಮುಂದಿನ ಸಾಲಿಗೆ ಬರುತ್ತಾನೆ: ಸ್ಟೀಲ್ ಕೊಡ 2, ತಂಬಿಗಿ 5, ತಾಟು 11, ಚಮಚ ದೊಡ್ಡವು 6, ಸಣ್ಣವು 12. ಸಣ್ಣ ಚಮಚ 11 ಇವೆ ಎಂದು ಯಾರೋ ಹೇಳಿದರು. ಮತ್ತೆ ಎಣಿಸಲು ಶುರು ಮಾಡಿದರು.