ಹೊರಟವರಿಗೆ ಸ್ವಾಗತ ಕಮಾನು

ಕಲಬುರಗಿಯ ಬಿಸಿಲು ಪೇಪರಿನ ಮುಖಪುಟ ಹತ್ತಿದ ವಾರವೇ ಒಳಪುಟದಲ್ಲಿ ಇನ್ನೊಂದು ಸುದ್ದಿ ತಪ್ಪದೆ ಬರುತ್ತದೆ: ‘ಕೆರೆಯಲ್ಲಿ ಸೈಬೀರಿಯಾ ಅತಿಥಿಗಳ ಕಲರವ’. ನೀವೂ ಓದಿರುತ್ತೀರಿ. ಕೆರೆ ಬದಲಾಗಬಹುದು, ಕಲರವ ಬದಲಾಗುವುದಿಲ್ಲ. ಪಕ್ಕದಲ್ಲಿ ಚಿತ್ರ. ಚಿತ್ರದಲ್ಲಿ ಬಣ್ಣದ ಕೊಕ್ಕರೆ. ಕೆಳಗೆ ‘ಫ್ಲೆಮಿಂಗೊ’ ಅಂತ ಅಚ್ಚು.

ಕೊಕ್ಕರೆಗೆ ಈ ಬಡ್ತಿ ಕೊಡಿಸಿದ್ದು ಬಾಲದ ಹತ್ತಿರದ ಒಂದು ಹಿಡಿ ಗುಲಾಬಿ ಪುಕ್ಕ. ಕೊಕ್ಕನ್ನು ನೋಡಿದ್ದರೆ ಸಾಕಿತ್ತು. ಕೊಕ್ಕರೆಯದು ಉದ್ದ, ಹಳದಿ, ತುದಿಯಲ್ಲಷ್ಟೇ ತುಸು ಬಾಗಿದ್ದು. ಅದನ್ನು ಅರೆತೆರೆದು ಕೆಸರಿನಲ್ಲಿ ತಡಕಾಡುತ್ತದೆ. ಫ್ಲೆಮಿಂಗೊದ್ದು ನಡುವೆಯೇ ಮುರಿದು ಕೂಡಿಸಿದಂತೆ ಕೆಳಕ್ಕೆ ಬಾಗಿ, ತುದಿ ಕಪ್ಪು. ತಲೆ ಕೆಳಗು ಮಾಡಿ ನೀರು ಸೋಸಿ ತಿನ್ನುತ್ತದೆ. ಇರಲಿ. ಕೊಕ್ಕರೆ ಮಂಡ್ಯದ ಕೊಕ್ಕರೆಬೆಳ್ಳೂರಿನಲ್ಲಿ ಹುಣಸೆ ಮರದ ಮೇಲೆ ಗೂಡು ಕಟ್ಟುವ ಕುಲ. ಫ್ಲೆಮಿಂಗೊ ಗುಜರಾತಿನ ಕಛ್ ರಣದಲ್ಲಿ ಮರಿ ಮಾಡುತ್ತದೆ. ವೀಸಾ ಬೇಡ, ಆಧಾರ್ ಕೇಳಿದರೂ ಎರಡೂ ತೋರಿಸಿಯಾವು.

ಸೈಬೀರಿಯಾ ಎಲ್ಲಿಂದ ಬಂತು? ರಾಜಸ್ಥಾನದ ಭರತಪುರಕ್ಕೆ ಬರುತ್ತಿದ್ದ ಸೈಬೀರಿಯನ್ ಕ್ರೇನ್‌ನಿಂದ. ಅಲ್ಲಿ ಕೊನೆಯ ಜೋಡಿ ಕಂಡದ್ದು 2002ರಲ್ಲಿ. ಹಕ್ಕಿ ಹೋಯಿತು, ಅದರ ಅಡ್ಡಹೆಸರು ನಮ್ಮ ಕೆರೆಗಳಲ್ಲಿ ವಾರಸುದಾರರಿಲ್ಲದೆ ತಿರುಗುತ್ತಿದೆ. ನಿಜವಾಗಿ ಸೈಬೀರಿಯಾದಲ್ಲೂ ಮರಿ ಮಾಡುವ ಸೂಜಿಬಾಲದ ಬಾತು ಅದೇ ನೀರಿನಲ್ಲಿ ತೇಲುತ್ತಿರುತ್ತದೆ. ಮೈ ಕಂದುಬೂದು, ಫೋಟೋಕ್ಕೆ ಸೊಗಸಿಲ್ಲ. ಅದನ್ನು ಯಾರೂ ಅತಿಥಿ ಅನ್ನುವುದಿಲ್ಲ.

ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಬರುವ ದೊಡ್ಡ ಬೀಗರೆಂದರೆ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ತೂಕ ಎರಡರಿಂದ ಮೂರು ಕೆಜಿ. ಮಂಗೋಲಿಯಾ, ಟಿಬೆಟ್ ಕಡೆಯವು, ಲಡಾಖಿನ ಸರೋವರಗಳಲ್ಲೂ ಮರಿ ಮಾಡುತ್ತವೆ. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದನ್ನು ಉಪಗ್ರಹ ಟ್ಯಾಗ್ ಕಟ್ಟಿ ಅಳೆದಿದ್ದಾರೆ. ಕೆಲವಕ್ಕೆ ಮಂಗೋಲಿಯಾದಲ್ಲಿ ತೊಡಿಸಿದ ಕೊರಳಪಟ್ಟಿ ಇರುತ್ತದೆ, ಅದರ ಮೇಲೆ ಅಕ್ಷರ, ಅಂಕಿ. ಪಟ್ಟಿಯ ಬಣ್ಣ, ಅಕ್ಷರ, ತಾರೀಕು, ಜಾಗ ಇಷ್ಟು ಬರೆದು ಪಟ್ಟಿ ತೊಡಿಸಿದವರಿಗೆ ಕಳಿಸಿದರೆ ಹಕ್ಕಿಯ ಊರು ಸಿಗುತ್ತದೆ. ಅಂದರೆ ಅತಿಥಿ ಕೊರಳಿಗೇ ವಿಳಾಸ ಕಟ್ಟಿಕೊಂಡು ಬಂದಿದೆ. ನಾವು ಅದನ್ನೂ ಓದದೆ ಸೈಬೀರಿಯಾ ಅನ್ನುತ್ತೇವೆ.

ಈ ಬೀಗರು ಬರುವುದು ನವೆಂಬರ್ ಹೊತ್ತಿಗೆ. ಫೆಬ್ರುವರಿ ಕೊನೆ, ಮಾರ್ಚ್ ಅನ್ನುವಾಗ ಗಂಟುಮೂಟೆ ಕಟ್ಟುತ್ತಾರೆ. ಹಗಲು ಉದ್ದವಾಗುತ್ತಲೇ ಮೈಗೆ ಕೊಬ್ಬು ಏರಿಸಿಕೊಂಡು, ಗಾಳಿ ಅನುಕೂಲವಾದ ರಾತ್ರಿ ಎದ್ದು ಹೊರಡುತ್ತವೆ. ನಮ್ಮಲ್ಲಿ ಅದೇ ವಾರ ಸ್ವಾಗತ ಕಮಾನು ಏಳುತ್ತದೆ. ಕಾರಣ ಪಕ್ಷಿಶಾಸ್ತ್ರದ್ದಲ್ಲ, ಮಾರ್ಚ್ 31ರದ್ದು. ಅನುದಾನ ವಾಪಸ್ ಹೋಗಬಾರದು. ಹಕ್ಕಿ ವಾಪಸ್ ಹೋದರೆ ನಡೆಯುತ್ತದೆ. ಏರಿಯ ಮೇಲೆ ಕೂತ ದನ ಕಾಯುವವನನ್ನು ಕೇಳಿ ನೋಡಿ: “ಬರ್ಲಿಕತ್ತಿಲ್ರೀ ಸಾಹೇಬ್ರ, ಹೊಂಟಾವ.”

ಕಮಾನಿನ ಜೊತೆ ವೀಕ್ಷಣಾ ಗೋಪುರ. ಪೂರ್ವದ ದಂಡೆಯಲ್ಲಿ ಕಟ್ಟಿ ಪಶ್ಚಿಮಕ್ಕೆ ಮುಖ ಮಾಡುತ್ತಾರೆ. ಜನ ಬರುವುದು ಸಂಜೆ ಐದಕ್ಕೆ. ಸೂರ್ಯ ಕಣ್ಣಿಗೆ, ಹಕ್ಕಿಗಳೆಲ್ಲ ಕಪ್ಪು ನೆರಳು. ಹೆಬ್ಬಾತೂ ಒಂದೇ, ನೀರುಕಾಗೆಯೂ ಒಂದೇ. ಬೆನ್ನಿಗೆ ಬಿಸಿಲಿರಬೇಕು ಅನ್ನುವುದು ಫೋಟೋ ತೆಗೆಯುವ ಹುಡುಗರಿಗೆಲ್ಲ ಗೊತ್ತು. ಮೇಲೆ ಇಡುವ ಬೈನಾಕ್ಯುಲರ್ 20 ಪಟ್ಟು ದೊಡ್ಡದು ಮಾಡುವಂಥದ್ದು, ಗಾಜಿಗೆ ಕೆಂಪು ಲೇಪ. ಅಷ್ಟು ಪಟ್ಟು ಆದರೆ ಕೈ ನಡುಕವೂ 20 ಪಟ್ಟು. ಕೆಂಪು ಲೇಪ ಇದ್ದ ಬೆಳಕನ್ನೂ ತಿನ್ನುತ್ತದೆ. 8 ಪಟ್ಟು, 42 ಮಿಲಿಮೀಟರ್ ಗಾಜಿನದು ಸಾಕು. ಆದರೆ 8ಕ್ಕಿಂತ 20 ದೊಡ್ಡದು ಎಂಬ ಲೆಕ್ಕ ಟೆಂಡರಿಗೆ ಚೆನ್ನಾಗಿ ಗೊತ್ತು.

ಎಣಿಕೆಯ ವಿಷಯ ಬೇರೆ. ‘ಸಾವಿರಾರು’ ಎಂಬ ಅಂಕಿ ಬರುವುದು ಹೀಗೆ: ಬೆಳಿಗ್ಗೆ ಒಂದು ಕೆರೆ, ಊಟ ಮುಗಿಸಿ ಪಕ್ಕದ ಕೆರೆ. ಮಧ್ಯೆ ಇಲ್ಲಿಯ ಹಿಂಡೇ ಅಲ್ಲಿಗೆ ಹಾರಿರುತ್ತದೆ. ಎರಡೂ ಕೆರೆ ಒಂದೇ ಹೊತ್ತಿಗೆ ಎಣಿಸಬೇಕು. ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಆ ಹತ್ತು ಹಿಡಿದ ಜಾಗ ಕಣ್ಣಲ್ಲಿಟ್ಟುಕೊಂಡು, ಉಳಿದ ಹಿಂಡಿನ ಮೇಲೆ ಹತ್ತು ಹತ್ತಾಗಿ ಹಾಸುತ್ತ ಹೋಗಬೇಕು. ಹೆಬ್ಬಾತು ನಸುಕಿನಲ್ಲಿ ಕಡಲೆ ಹೊಲ ಮೇಯ್ದು ಬಿಸಿಲೇರಿದ ಮೇಲೆ ನೀರಿಗೆ ಮರಳುತ್ತದೆ, ಆಗ ಎಣಿಸಬೇಕು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಜನವರಿಯಲ್ಲೇ ನಡೆಯುತ್ತ ಬಂದದ್ದು ಸುಮ್ಮನೆ ಅಲ್ಲ.

ಜನವರಿ ಅಂದಾಗ ಗುಲಾಬಿ ಮೈನಾ ನೆನಪಾಯಿತು. ಹಿಂಗಾರಿ ಜೋಳ ಸೀತನಿ ಹದಕ್ಕೆ ಬಂದಾಗ ಮೋಡದ ಹಾಗೆ ಇಳಿಯುವ ಇವಕ್ಕೆ ನಮ್ಮಲ್ಲಿ ಸ್ವಾಗತ ಕವಣಿ ಕಲ್ಲಿನಿಂದ, ಡಬ್ಬಿ ಬಡಿತದಿಂದ. ರೈತನ ತಪ್ಪಿಲ್ಲ, ತೆನೆ ಅವನದು. ಇವೇ ಮೈನಾ ಏಪ್ರಿಲ್‌ನಲ್ಲಿ ಮಧ್ಯ ಏಷ್ಯಾಕ್ಕೆ ಮರಳಿ ಮಿಡತೆ ತಿಂದು ಮರಿ ಸಾಕುತ್ತವೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಕಾಟಕ್ಕೆ ಇವೇ ಔಷಧಿ ಅಂತ ಕಲ್ಲು ಪೇರಿಸಿ ಗೂಡಿನ ಮನೆ ಕಟ್ಟಿಸಿ ಕೊಡುತ್ತಾರೆ. ಹೊರಡುವ ಮುನ್ನ ಚಿಂಚೋಳಿ ಕಡೆ ಮುತ್ತಲ ಹೂವಿಗೆ ಮುತ್ತಿ, ಮಕರಂದ ಕುಡಿದು, ಮುಖಕ್ಕೆಲ್ಲ ಹಳದಿ ಪರಾಗ ಬಳಿದುಕೊಂಡು ಜಗಳಾಡುತ್ತಿರುತ್ತವೆ. ಕಲರವ ಬೇಕಿದ್ದರೆ ಅದು ಕಲರವ. ಪೇಪರಿನವರು ಆ ಕಡೆ ಹೋಗುವುದಿಲ್ಲ, ಕೆರೆ ಇಲ್ಲವಲ್ಲ.

ಕೆರೆ ಇಲ್ಲದ ಇನ್ನೊಂದು ಜಾಗ ಇದೆ. ಬೀದರಿನ ಕೆಂಪು ಕಲ್ಲುನೆಲದ ಮೇಲಿನ ಮೊಣಕಾಲೆತ್ತರದ ಹುಲ್ಲು. ಹ್ಯಾರಿಯರ್ ಗಿಡುಗಗಳು ಚಳಿಗಾಲಕ್ಕೆ ದೂರದಿಂದ ಬಂದು ರಾತ್ರಿ ಮಲಗುವುದು ಮರದ ಮೇಲಲ್ಲ, ಇಂಥ ಹುಲ್ಲಿನೊಳಗೆ, ನೆಲದ ಮೇಲೆ, ಹತ್ತಾರು ಒಟ್ಟಿಗೆ. ಪಹಣಿಯಲ್ಲಿ ಆ ನೆಲಕ್ಕೆ ಹೆಸರು ಖರಾಬ್. ಖರಾಬ್ ಅಂದ ಮೇಲೆ ಏನು ಬೇಕಾದರೂ ಮಾಡಬಹುದು. ಜೆಸಿಬಿ ತಂದು ಗುಂಡಿ ತೋಡಿ ಅಕೇಶಿಯ ನೆಡಬಹುದು, ಅದಕ್ಕೆ ‘ಹಸಿರೀಕರಣ’ ಅನ್ನಬಹುದು. ಮೊರಂ ಹೊತ್ತೊಯ್ಯಬಹುದು, ಲೇಔಟ್ ಕೆತ್ತಬಹುದು. ಹುಲ್ಲು ಹೋದ ವರ್ಷ ಗಿಡುಗ ಬರುವುದಿಲ್ಲ, ಬರದೆ ಇದ್ದದ್ದು ಸುದ್ದಿಯಾಗುವುದಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸುಸ್ತಾಗಿದೆ.

ಕಮಾನು ಏಪ್ರಿಲ್ ತನಕ ನಿಲ್ಲುತ್ತದೆ. ಒಂದು ಸಂಜೆ ಆಣಿಕಲ್ಲು ಮಳೆ ಬಡಿದಾಗ ಯಾರೋ ಓಡಿ ಬಂದು ಫ್ಲೆಕ್ಸ್ ಬಿಚ್ಚಿಕೊಂಡು ಹೋಗಿ ಕಣದಲ್ಲಿನ ಜೋಳದ ರಾಶಿಗೆ ಹೊದಿಸುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ‘ಸೈಬೀರಿಯಾ’ ಒಳಮಗ್ಗುಲಿಗೆ. ರಾಶಿ ನೆನೆಯುವುದಿಲ್ಲ.