ಹೆಂಡತಿ ನೀರಲ್ಲಿ, ಗಂಡ ದಡದಲ್ಲಿ

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ರೂಮುಗಳಲ್ಲಿ ಬೆಳಗ್ಗೆ ಐದೂವರೆಗೆ ಬಡಿದುಕೊಳ್ಳುವ ಅಲಾರಂ ಇಟ್ಟಿದ್ದು ಒಬ್ಬರಿಗಾಗಿ, ಎಚ್ಚರವಾಗುವುದು ಇಬ್ಬರಿಗೂ. ಸ್ಕೂಬಾ ಡೈವಿಂಗ್ ಮಾಡುವವರು, ಅಂದರೆ ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವವರು, ಹಲ್ಲುಜ್ಜಿ, ನಿನ್ನೆ ವರಾಂಡದಲ್ಲಿ ಒಣಗಹಾಕಿದ್ದ, ಇನ್ನೂ ಒಣಗದ ಸ್ವಿಮ್‌ಸೂಟ್ ಏರಿಸಿಕೊಂಡು ಆರೂವರೆಗೆ ಡೈವ್ ಸೆಂಟರ್ ಬಾಗಿಲಲ್ಲಿರುತ್ತಾರೆ. ಇನ್ನೊಬ್ಬರು ಮಂಚದ ಮೇಲೆ ಕೂತು ಲೆಕ್ಕ ಹಾಕುತ್ತಾರೆ: ತಿಂಡಿ ಎಂಟಕ್ಕೆ, ಇವಳು ವಾಪಸ್ ಬರುವುದು ಒಂದಕ್ಕೆ. ಅಲ್ಲಿಯವರೆಗೆ?

ಡೈವ್ ಮಾಡುವವಳು ಹೆಂಡತಿ, ಮಾಡದವನು ಗಂಡ ಅಂತಲೇ ಇಟ್ಟುಕೊಳ್ಳೋಣ. ಉಲ್ಟಾ ಇದ್ದರೂ ಲೆಕ್ಕ ಅದೇ, ಬೈಗುಳ ಮಾತ್ರ ಬೇರೆ.

"ಮುಕ್ಕಾಲು ಗಂಟೆ ಅಷ್ಟೇ ರೀ" ಎಂದು ಹೋದವಳು ಸುಳ್ಳು ಹೇಳಿರುವುದಿಲ್ಲ. ಒಂದು ಡೈವ್ ಅಷ್ಟೇ ಹೊತ್ತಿನದು. ಆದರೆ ಒಂದು ಟ್ರಿಪ್ ಅಂದರೆ ಎರಡು ಟ್ಯಾಂಕ್. ಮೊದಲನೆಯದು ಮುಗಿದ ಮೇಲೆ ಮೈಯಲ್ಲಿ ಕರಗಿ ಕೂತ ನೈಟ್ರೋಜನ್ ಇಳಿಯಲು ಗಂಟೆಯಷ್ಟು ಹೊತ್ತು ದೋಣಿಯಲ್ಲಿ ಬಿಸ್ಕತ್ತು ತಿಂದುಕೊಂಡು ಕೂರಬೇಕು. ಹೋಗಿ ಬರುವ ಹಾದಿ, ಸಲಕರಣೆ ಜೋಡಿಸುವುದು, ಬಂದ ಮೇಲೆ ಸಿಹಿನೀರಲ್ಲಿ ಅದ್ದಿ ತೊಳೆಯುವುದು, ಕೊನೆಗೆ ಲಾಗ್‌ಬುಕ್ಕಿಗೆ ಸೀಲು. ಮುಕ್ಕಾಲು ಗಂಟೆ ಹೀಗೆ ಆರೂವರೆ ಗಂಟೆಯಾಗುತ್ತದೆ. ಬ್ಯಾಂಕಿನ ಕೆಲಸ ಇದ್ದಂತೆ.

ಮಧ್ಯಾಹ್ನ ಊಟವಾದ ಮೇಲೆ ಅವಳು ಮಲಗುತ್ತಾಳೆ. ಡೈವ್ ಮಾಡಿದವರ ನಿದ್ದೆ ಮದುವೆ ಮನೆಯ ಅಡುಗೆಭಟ್ಟರ ನಿದ್ದೆಯಂಥದ್ದು, ಎಬ್ಬಿಸಿದರೂ ಏಳುವುದಿಲ್ಲ. ಎದ್ದಾಗ ಐದು. ಇಲ್ಲೇ ಎಲ್ಲರೂ ಎಡವುವುದು. ಅಂಡಮಾನಿನ ಗಡಿಯಾರ ಭಾರತದ್ದು, ಸೂರ್ಯ ಮಾತ್ರ ಬರ್ಮಾ ಕಡೆಯವನು. ಡಿಸೆಂಬರ್‌ನಲ್ಲಿ ಐದು ಗಂಟೆಯ ಸುಮಾರಿಗೆ ಅವನು ಮುಳುಗಿಬಿಡುತ್ತಾನೆ. ಗಂಡ ಬೆಂಗಳೂರಿಂದಲೇ ಕನಸು ಕಂಡು ಬಂದ ರಾಧಾನಗರದ ಸೂರ್ಯಾಸ್ತ ದ್ವೀಪದ ಪಶ್ಚಿಮಕ್ಕೆ, ಏಳನೇ ನಂಬರಿನ ಬೀಚಿನಲ್ಲಿ. ಡೈವ್ ಸೆಂಟರ್‌ಗಳೂ ರೂಮುಗಳೂ ಹೆಚ್ಚಾಗಿ ಪೂರ್ವಕ್ಕೆ. ಜೆಟ್ಟಿಯಿಂದ ಲೆಕ್ಕ ಹಾಕಿದರೆ ನಡುವೆ ಸುಮಾರು 12 ಕಿಲೋಮೀಟರ್. ಐದಕ್ಕೆ ಎದ್ದು ಆಟೋ ಹಿಡಿದವರು ಕತ್ತಲೆಯ ಫೋಟೋ ತೆಗೆದುಕೊಂಡು ಬರುತ್ತಾರೆ. ಹಾಗಾಗಿ ದಿನಕ್ಕೆ ಎರಡು ಅಲಾರಂ ಬೇಕು: ಬೆಳಗ್ಗೆಯದು ಅವಳದು, ಮಧ್ಯಾಹ್ನ ಮೂರೂವರೆಯದು ಅವನದು.

ಇನ್ನು ರೂಮು. ದಡದಲ್ಲೇ ಉಳಿಯುವವನಿಗೆ ಸಮಾಧಾನವಾಗಲೆಂದು ಹೆಚ್ಚು ದುಡ್ಡು ಕೊಟ್ಟು ಸಮುದ್ರಕ್ಕೆ ಮುಖಮಾಡಿದ ಕಾಟೇಜು ಹಿಡಿಯುತ್ತಾರೆ. ಬಂದ ದಿನ ನೀರು ಮೆಟ್ಟಿಲ ಹತ್ತಿರವೇ ಇರುತ್ತದೆ. ಮರುದಿನ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಬಂದರೆ ಸಮುದ್ರವೇ ಇಲ್ಲ! ಪೂರ್ವದ ದಂಡೆ ಬಹಳ ಸಮತಟ್ಟು. ಇಳಿತ ಬಂತೆಂದರೆ ನೀರು ದೂರಕ್ಕೆ ಸರಿದು, ಸತ್ತ ಹವಳದ ಕಲ್ಲು, ಕೆಸರು, ಮಗ್ಗುಲಿಗೆ ವಾಲಿ ಮಲಗಿದ ಡುಂಗಿ ದೋಣಿಗಳು ಮಾತ್ರ ಉಳಿಯುತ್ತವೆ. ಬರಿಗಾಲಲ್ಲಿ ನಡೆದರೆ ಪಾದ ಕೊಯ್ಯುತ್ತದೆ. ಗಂಡ ವರಾಂಡದಲ್ಲಿ ಕೂತು, ಬೇಸಿಗೆಯ ಕೆರೆ ನೋಡಿದಂತೆ ಅದನ್ನೇ ನೋಡುತ್ತಾನೆ.

ಇದಕ್ಕೆ ಮನೆಯಲ್ಲಿರುವ ಪಂಚಾಂಗ ಸಾಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಜೋರು, ಸುಮಾರು 2 ಮೀಟರ್. ಅಷ್ಟಮಿಯ ಸುತ್ತಮುತ್ತ ಅದರ ಅರ್ಧವೂ ಕಷ್ಟ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ಸೋಮವಾರ ಹತ್ತಕ್ಕೆ ಈಜಿದವನು ಗುರುವಾರ ಹತ್ತಕ್ಕೆ ಕಲ್ಲು ಎಣಿಸಬೇಕಾದೀತು. ಮುಹೂರ್ತಕ್ಕೆ ನೋಡುವ ತಿಥಿಯನ್ನು ರೂಮು ಬುಕ್ ಮಾಡಲೂ ನೋಡಿದರೆ ತಪ್ಪೇನಿಲ್ಲ.

ಹೆಂಡತಿಯ ಪ್ರೀತಿಯಿಂದ ಹುಟ್ಟುವ ಅತಿ ಅಪಾಯದ ಮಾತು: "ನೀವೂ ದೋಣಿಗೆ ಬನ್ನಿ, ಮೇಲೆ ಸ್ನಾರ್ಕಲ್ ಮಾಡ್ಕೊಂಡಿರಿ." ಸ್ನಾರ್ಕಲ್ ಅಂದರೆ ಬಾಯಲ್ಲಿ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು. ಆದರೆ ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನಾಕಲ್‌ನಂಥ ಡೈವ್ ಜಾಗಗಳ ಬಂಡೆ ಇರುವುದು 18ರಿಂದ 30 ಮೀಟರ್ ಆಳದಲ್ಲಿ. ಮೇಲಿನಿಂದ ಕಾಣುವುದು ನೀಲಿ. ಬರೀ ನೀಲಿ. ಅಲೆಯ ತೊಂದರೆಯೂ ನೀರಿನ ಮೇಲೇ ಹೆಚ್ಚು. ಕೆಳಗೆ ಇಳಿದವರಿಗೆ ಆರಾಮ, ನಿಂತ ದೋಣಿಯಲ್ಲಿ ಡೀಸೆಲ್ ವಾಸನೆ ಕುಡಿಯುತ್ತಾ ಕೂತವನಿಗೆ ಹೊಟ್ಟೆ ತೊಳಸುವಿಕೆ. ಓಡುವ ದೋಣಿಗಿಂತ ನಿಂತ ದೋಣಿಯೇ ಹೆಚ್ಚು ಹೊಯ್ದಾಡುವುದು. ವಾಂತಿ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಅದೇ ಮೊದಲು ಹೊರಗೆ ಬರುತ್ತದೆ; ಹೊರಡುವ ಮುಂಚೆಯೇ ನುಂಗಬೇಕು. ಅದು ತೂಕಡಿಕೆ ತರಿಸುತ್ತದೆ, ಆದ್ದರಿಂದ ಡೈವ್ ಮಾಡುವವಳು ವೈದ್ಯರನ್ನು ಕೇಳದೆ ಮುಟ್ಟಬಾರದು. ಗಂಡ ತೂಕಡಿಸಿದರೆ ಯಾರಿಗೂ ನಷ್ಟವಿಲ್ಲ.

ದೋಣಿ ಅವನಿಗೆ ಒಗ್ಗುತ್ತದೆಯೇ ಎಂಬ ಪರೀಕ್ಷೆಗೆ, ನಮ್ಮ ಕರಾವಳಿಯ ಡೈವಿಂಗ್ ದ್ವೀಪ ನೇತ್ರಾಣಿಗೇ ಒಮ್ಮೆ ಕರೆದೊಯ್ಯಬಹುದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಒಂದೂವರೆ ಗಂಟೆಯ ದೋಣಿ. ಮೇಲಿನಿಂದ ನೋಡಿದರೆ ಅದು ಹೃದಯದ ಆಕಾರದ ದ್ವೀಪವಂತೆ. ದೋಣಿಯ ಅಂಚಿಗೆ ಬಾಗಿದವನಿಗೆ ಆ ಆಕಾರ ಕಾಣುವುದಿಲ್ಲ.

ಹಾಗಾದರೆ ಅವನಿಗೆ ಏನೂ ಇಲ್ಲವೇ? ಇದೆ, ಮೊದಲ ಸಲದವರು ದಡದಿಂದಲೇ ಇಳಿಯುವ ಡಿಸ್ಕವರ್ ಸ್ಕೂಬಾ. ಎರಡನೇ ಬೀಚಿನ ನೀಮೋ ರೀಫ್‌ನಲ್ಲಿ ನಡೆದುಕೊಂಡೇ ನೀರಿಗೆ ಇಳಿಯಬಹುದು, ಆಳದ ಮಿತಿ 12 ಮೀಟರ್. ಈಜು ಬಾರದಿದ್ದರೂ ನಡೆಯುತ್ತದೆ, ಇನ್‌ಸ್ಟ್ರಕ್ಟರ್ ಬೆನ್ನ ಹಿಂದೆ ಟ್ಯಾಂಕ್ ಹಿಡಿದೇ ಇರುತ್ತಾರೆ. ಇಲ್ಲಿ ಎಡವಟ್ಟುಗಳ ಜಾತ್ರೆ. ಆರೋಗ್ಯದ ಫಾರಂನಲ್ಲಿ ಉಬ್ಬಸ, ರಕ್ತದೊತ್ತಡ, ಕಿವಿ ಆಪರೇಷನ್ ಯಾವುದಕ್ಕಾದರೂ "ಹೌದು" ಬಿದ್ದರೆ ವೈದ್ಯರ ಸಹಿ ಬೇಕು. ಅದನ್ನು ಊರಲ್ಲೇ ಮಾಡಿಸಿಕೊಂಡು ಬರಬೇಕು, ದ್ವೀಪದಲ್ಲಿ ಬೆಳಗ್ಗೆ ಏಳಕ್ಕೆ ಹುಡುಕುವುದಲ್ಲ. ನೆಗಡಿ ಇದ್ದರೆ ಬೇಡ: ಮೂಗು ಹಿಡಿದು ಮೆಲ್ಲಗೆ ಊದಿದರೂ ಕಿವಿ ಬಿಡುವುದಿಲ್ಲ. ನೆಗಡಿ ಇಲ್ಲದವರೂ ನೋವು ಬರುವ ಮುಂಚೆಯೇ, ಪ್ರತಿ ಮೀಟರಿಗೊಮ್ಮೆ ಊದಬೇಕು. ನೋವು ಬಂದ ಮೇಲೆ ಜೋರಾಗಿ ಊದುವುದು ಬಾಗಿಲು ಅಂಟಿಕೊಂಡ ಮೇಲೆ ಒದ್ದ ಹಾಗೆ.

ಮೀಸೆಯದು ಇನ್ನೊಂದು ರಗಳೆ. ಮಾಸ್ಕಿನ ಅಂಚು ಚರ್ಮಕ್ಕೆ ಅಂಟಬೇಕು, ಕೂದಲಿಗಲ್ಲ. ಮೂಗಿನ ಕೆಳಗೇ ಒಂದು ಸಣ್ಣ ಪಟ್ಟಿ ಬೋಳಿಸಿದರೆ ನೀರು ನುಗ್ಗುವುದು ನಿಲ್ಲುತ್ತದೆ. ನೀರೊಳಗಿನ ಫೋಟೋಕ್ಕೆಂದೇ ಎರಡು ವಾರದಿಂದ ಮೀಸೆ ತಿದ್ದಿ ಬೆಳೆಸಿದವರಿಗೆ ಇದನ್ನು ಹೇಳುವ ಧೈರ್ಯ ಯಾರಿಗಿದೆ?

ಮುಖ್ಯವಾಗಿ, ಕಲಿಸುವುದು ಹೆಂಡತಿಯಾಗಬಾರದು. ಗಂಡನಿಂದ ಕಾರು ಕಲಿತ ಹೆಂಗಸರಿಗೆ ಇದರ ಕಾರಣ ವಿವರಿಸಬೇಕಿಲ್ಲ.

ಆರು ಮೀಟರ್ ಆಳದಲ್ಲಿ ನಡೆಯುವ ಒಂದು ಪ್ರಸಂಗ ಎಲ್ಲ ಇನ್‌ಸ್ಟ್ರಕ್ಟರ್‌ಗಳಿಗೂ ಬಾಯಿಪಾಠ. ಕಡಲಹೂವಿನ ನಡುವೆ ಕಿತ್ತಳೆ ಬಣ್ಣದ ಮೀನು ಇಣುಕುತ್ತದೆ. ಗಂಡನ ಕಣ್ಣು ಅರಳುತ್ತದೆ. ಎದುರಿಗೆ ಕ್ಯಾಮೆರಾ. ಖುಷಿಯಿಂದ ಹೆಬ್ಬೆರಳು ಎತ್ತುತ್ತಾನೆ. ನೀರೊಳಗೆ ಅದರ ಅರ್ಥ "ಚೆನ್ನಾಗಿದೆ" ಅಲ್ಲ, "ಮೇಲೆ ಹೋಗೋಣ". ಇನ್‌ಸ್ಟ್ರಕ್ಟರ್ ಪಾಪ, ಹೇಳಿದಂತೆ ಕೇಳುವವರು. ಗಂಡ ಇನ್ನೂ ಜೋರಾಗಿ ಹೆಬ್ಬೆರಳು ಅಲ್ಲಾಡಿಸುತ್ತಲೇ ನೀರಿನಿಂದ ಹೊರಗೆ ಬಂದು ಸೂರ್ಯನನ್ನು ನೋಡುತ್ತಾನೆ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಕೂಡಿಸಿ ಸೊನ್ನೆ ಮಾಡಬೇಕು, ಊಟದಲ್ಲಿ ಸಾರು ಹದವಾಗಿದೆ ಎಂದು ತೋರಿಸುವಂತೆ.

ಟಿಕೆಟ್ ವಿಷಯ. 2018ರಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ. ಹಡಗು ಹುಡುಕುವಾಗ ಎರಡು ಹೆಸರೂ ನೆನಪಿರಲಿ. ಇದಕ್ಕಿಂತ ದೊಡ್ಡ ಅನಾಹುತ ವಾಪಸ್ ವಿಮಾನದ್ದು. ಹಲವು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. ಸೆಂಟರಿನವರು 24 ಎನ್ನುತ್ತಾರೆ, ಅವರ ಮಾತೇ ಸರಿ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಉಳಿದ ನೈಟ್ರೋಜನ್ ಗುಳ್ಳೆಯಾಗುತ್ತದೆ, ಸೋಡಾ ಬಾಟಲಿ ತೆರೆದಂತೆ. ವಿಮಾನಕ್ಕೆ ಮಾತ್ರ ಈ ನಿಯಮ ಎಂದುಕೊಂಡವರೇ ಹೆಚ್ಚು. ಸುಮಾರು 600 ಮೀಟರ್ ಎತ್ತರ ದಾಟಿದರೆ ನೆಲದ ಮೇಲೂ ಅದೇ ಲೆಕ್ಕ, ಬೆಂಗಳೂರು ಇರುವುದು 900 ಮೀಟರಿನ ಹತ್ತಿರ. ನೇತ್ರಾಣಿಯಲ್ಲಿ ಬೆಳಗ್ಗೆ ಎರಡು ಡೈವ್ ಹೊಡೆದು ಅದೇ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತುವವರು ಇದನ್ನು ಗಮನಿಸಬೇಕು. ಒಂದು ರಾತ್ರಿ ಮುರುಡೇಶ್ವರದಲ್ಲೇ ಮಲಗಿದರೆ ಶಿವ ಬೇಡ ಅನ್ನುವುದಿಲ್ಲ.

ಅಂಡಮಾನಿನಲ್ಲಾದರೆ ಆ ಕೊನೆಯ ಒಣದಿನ ಪೂರ್ತಿ ಗಂಡನದು. ಸೆಲ್ಯುಲರ್ ಜೈಲು, ರಾಸ್ ದ್ವೀಪ, ಸಂಜೆಯ ಧ್ವನಿ-ಬೆಳಕು ಕಾರ್ಯಕ್ರಮ, ಅವನು ಹೇಳಿದ ಹೋಟೆಲಿನಲ್ಲಿ ಊಟ. ವೆಟ್‌ಸೂಟ್ ಒಣಗಲೂ ಅದೇ ದಿನ ಬೇಕು. ಸ್ವಂತ ಸಲಕರಣೆ ಪೂರ್ತಿ ಒಯ್ದರೆ ಒಣಗಿದ್ದಾಗಲೇ 10 ಕಿಲೋ ಹತ್ತಿರ, ವಿಮಾನದ ಲಗೇಜು ಸಾಮಾನ್ಯವಾಗಿ 15 ಕಿಲೋ. ಒದ್ದೆಯಾದರೆ ಇನ್ನೂ ಒಂದೆರಡು ಕಿಲೋ ಏರುತ್ತದೆ. ಬಾಡಿಗೆಗೆ ಸಿಗುವುದನ್ನು ಅಲ್ಲೇ ಹಿಡಿದು, ಮಾಸ್ಕ್ ಮತ್ತು ಆಳ, ಹೊತ್ತುಗಳ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಮಾತ್ರ ಒಯ್ಯುವುದು ಜಾಣತನ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿ. ಡೈವಿಂಗ್ ಜಾಕೆಟ್ಟಿನ ಗಾಳಿಚೀಲದಲ್ಲಿ ಉಳಿದ ನೀರನ್ನು ತಲೆಕೆಳಗೆ ಹಿಡಿದು ಸುರಿಯದಿದ್ದರೆ ಅದು ಬೆಂಗಳೂರಿಗೂ ಬರುತ್ತದೆ. ಹೆಂಡತಿಯ ಬ್ಯಾಗು ತೂಕದ ಯಂತ್ರದಲ್ಲಿ 17.4 ತೋರಿಸುತ್ತದೆ, ಗಂಡನದು 9. ಕೌಂಟರಿನ ಎದುರೇ ಝಿಪ್ಪು ತೆರೆದು, ಅವನ ಇಸ್ತ್ರಿ ಮಾಡಿದ ಅಂಗಿಗಳ ನಡುವೆ ಇನ್ನೂ ತೊಟ್ಟಿಕ್ಕುತ್ತಿರುವ ಎರಡು ಬೂಟುಗಳನ್ನು ತುರುಕಲಾಗುತ್ತದೆ.